ಇಳಿಸದ ಹಾಯಿ

ಬಹಳ ಹಿಂದಿನ ಮಾತು. ಗಾಳಿಗಳಿಗೆಲ್ಲ ಒಂದೊಂದು ಹೆಸರಿದ್ದು, ಹೆಸರು ಹಿಡಿದು ಕರೆದರೆ ಅವು ತಿರುಗಿ ನೋಡುತ್ತಿದ್ದ ಕಾಲ. ಆಗ ಪಡುವಣ ಕಡಲಿನ ದಂಡೆಯಲ್ಲಿ ಮುತ್ತಳಿವೆ ಎಂಬ ಒಂದು ರಾಜ್ಯವಿತ್ತು. ಅದನ್ನು ಕೇತರಸನೆಂಬ ದೊರೆ ಆಳುತ್ತಿದ್ದ. ರಾಜ್ಯ ದೊಡ್ಡದೇನಲ್ಲ. ಅರಮನೆಯಲ್ಲಿ ಆನೆಗಳು ಎರಡೇ, ಅವುಗಳಲ್ಲೂ ಒಂದು ಕುರುಡು. ಆದರೆ ಹಡಗು ನಡೆಸುವುದರಲ್ಲಿ ಮಾತ್ರ ಮುತ್ತಳಿವೆಯವರನ್ನು ಮೀರಿಸುವವರು ಯಾವ ಕಡಲಲ್ಲೂ ಇರಲಿಲ್ಲ. ಒಬ್ಬ ಮನುಷ್ಯ ಬಾಳಿನಲ್ಲಿ ಏನು ಸಾಧಿಸಿದ ಎಂದು ಆ ಊರಲ್ಲಿ ಯಾರೂ ಕೇಳುತ್ತಿರಲಿಲ್ಲ. ಯಾವ ದಡ ಮುಟ್ಟಿ ಬಂದ ಎಂದು ಕೇಳುತ್ತಿದ್ದರು. ಎರಡೂ ಒಂದೇ ಪ್ರಶ್ನೆ ಎಂದು ಅವರ ನಂಬಿಕೆ.

ಅವರಲ್ಲಿ ಒಂದು ಪದ್ಧತಿಯಿತ್ತು. ಊರಿನ ಹೊಳೆ ಕಡಲನ್ನು ಸೇರುವ ಅಳಿವೆಯ ಬಾಯಲ್ಲಿ ಒಂದು ಬಿಳಿಬಂಡೆ ನಿಂತಿತ್ತು. ದೂರದೇಶದಿಂದ ಮರಳುವ ಹಡಗಿಗೆ ಆ ಬಂಡೆ ಕಣ್ಣಿಗೆ ಬಿದ್ದದ್ದೇ ತಡ, ಹಡಗಿನ ಯಜಮಾನನಾದ ತಂಡೇಲ ತನ್ನ ಕೈಯಾರೆ ಹಾಯಿ ಇಳಿಸಬೇಕು. ಇಳಿಸಿ, ಎಲ್ಲರೂ ಕೈಮುಗಿದು, “ಮುಟ್ಟಿದೆವು ತಾಯೇ” ಎನ್ನಬೇಕು. ಅಲ್ಲಿಂದ ಮುಂದೆ ಹಡಗನ್ನು ಒಳಗೆ ತರುವುದು ಏರಿ ಬರುವ ಭರತದ ನೀರಿನ ಕೆಲಸ. ಬೇರೆ ರಾಜ್ಯದವರು ದಡ ಮುಟ್ಟಿದ ಮೇಲೆ ಹಾಯಿ ಇಳಿಸುತ್ತಾರೆ, ನಾವು ದಡ ಕಂಡಾಗಲೇ ಇಳಿಸುತ್ತೇವೆ, ಕಡಲತಾಯಿಗೆ ನಾವು ಕೊಡುವ ಮರ್ಯಾದೆ ಅದು ಎಂದು ಅವರಿಗೆ ಬಲು ಹೆಮ್ಮೆ. ಕಂಡದ್ದೆಲ್ಲ ಮುಟ್ಟಿದ ಹಾಗಾಯಿತೇ ಎಂದು ಯಾವುದಾದರೂ ಮಗು ಕೇಳಿದರೆ ತಲೆಯ ಮೇಲೊಂದು ಮೊಟಕಿ ಸುಮ್ಮನಾಗಿಸುತ್ತಿದ್ದರು.

ಹೀಗಿರಲು ಒಂದು ವರ್ಷ, ಹೊರಟ ಹಡಗು ಮರಳಲಿಲ್ಲ. ಅದನ್ನು ಹುಡುಕಲು ಹೋದ ಹಡಗೂ ಮರಳಲಿಲ್ಲ. ಮೂರು ವರ್ಷಗಳಲ್ಲಿ ಹನ್ನೆರಡು ಹಡಗುಗಳು ಹೋದವು, ಹನ್ನೆರಡೂ ಕಾಣೆಯಾದವು. ಬಿರುಗಾಳಿ ಬಂದಿರಲಿಲ್ಲ. ಒಂದು ಹಲಗೆಯ ಚೂರು ಸಹ ತೇಲಿಕೊಂಡು ದಂಡೆಗೆ ಬಂದಿರಲಿಲ್ಲ.

ಬಂದದ್ದು ಬೇರೆ. ದಿನವೂ ನಡುಮಧ್ಯಾಹ್ನ, ಬಿಸಿಲು ನೆತ್ತಿಯ ಮೇಲೆ ನಿಂತಾಗ, ಕಡಲು ಇದ್ದಕ್ಕಿದ್ದಂತೆ ಎಣ್ಣೆಯ ಹಾಗೆ ಸಪಾಟಾಗುತ್ತಿತ್ತು. ಕಾಗೆಗಳು ಬಾಯಿ ಮುಚ್ಚುತ್ತಿದ್ದವು. ಆಗ ಖಾಲಿ ಕಡಲಿನ ಕಡೆಯಿಂದ, ಹನ್ನೆರಡು ಹಡಗಿನ ಗಂಡಸರ ದನಿಗಳು ಒಟ್ಟಿಗೆ ಕೇಳಿಸುತ್ತಿದ್ದವು. “ಮುಟ್ಟಿದೆವು ತಾಯೇ.” ಒಂದೇ ಸಲ. ಅಷ್ಟೇ. ಆಮೇಲೆ ಅಲೆಗಳು ಮತ್ತೆ ಏಳುತ್ತಿದ್ದವು.

ಮೊದಮೊದಲು ಹೆಂಗಸರು ಒಲೆಯ ಮೇಲಿನ ಅನ್ನವನ್ನೂ ಇಳಿಸದೆ ದಂಡೆಗೆ ಓಡಿದರು. ತಿಂಗಳು ಕಳೆದ ಮೇಲೆ ಓಡುವುದನ್ನು ಬಿಟ್ಟರು. ವರ್ಷ ಕಳೆದ ಮೇಲೆ, ಆ ಹೊತ್ತಿಗೆ ಸರಿಯಾಗಿ ಕಿಟಕಿ ಬಾಗಿಲು ಮುಚ್ಚಿ, ಮಕ್ಕಳ ಕಿವಿಗೆ ಬಟ್ಟೆ ಸುತ್ತಿ ಕೂರತೊಡಗಿದರು. ಕೇತರಸ ದೊರೆ ಅಳಿವೆಗೆ ಅಡ್ಡಲಾಗಿ ಕಬ್ಬಿಣದ ಸರಪಳಿ ಎಳೆಸಿ, ಇನ್ನು ಯಾರೂ ಎಲ್ಲಿಗೂ ಹೋಗಬೇಕಾಗಿಲ್ಲ, ಇದ್ದಲ್ಲೇ ಇದ್ದರಾಯಿತು ಎಂದು ಡಂಗುರ ಹೊಡೆಸಿದ. ಹಡಗು ಕಟ್ಟುತ್ತಿದ್ದವರು ತೊಟ್ಟಿಲು ಕಟ್ಟತೊಡಗಿದರು. ಆ ತೊಟ್ಟಿಲುಗಳಲ್ಲಿ ಮಲಗಿದ ಮಕ್ಕಳು ಯಾವ ದಡ ಮುಟ್ಟಬೇಕು ಎಂಬುದು ಮಾತ್ರ ಯಾರಿಗೂ ತಿಳಿಯಲಿಲ್ಲ.

ಆ ಊರಿನಲ್ಲಿ ದೇಯಕ್ಕ ಎಂಬ ಹಾಯಿ ಹೊಲಿಯುವ ಹೆಂಗಸಿದ್ದಳು. ಅವಳಿಗೆ ಇಬ್ಬರು ಮಕ್ಕಳು. ದೊಡ್ಡವನು ಸಂಕಣ್ಣ, ಹನ್ನೆರಡನೆಯ ಹಡಗಿನ ತಂಡೇಲನಾಗಿ ಹೋದವನು. ಚಿಕ್ಕವಳು ಜಕ್ಕಿ, ಇಪ್ಪತ್ತರ ಹುಡುಗಿ. ಊರೆಲ್ಲ ಕಿವಿ ಮುಚ್ಚಿಕೊಂಡ ಹೊತ್ತಿನಲ್ಲಿ ದೇಯಕ್ಕ ಒಬ್ಬಳೇ ಜಗಲಿಗೆ ಬಂದು ನಿಲ್ಲುತ್ತಿದ್ದಳು. ಅಷ್ಟು ದನಿಗಳಲ್ಲಿ ಮಗನ ದನಿಯನ್ನು ಹೆಕ್ಕಿ ಹಿಡಿದು, “ಬಾ ಮಗಾ” ಎಂದು ಉತ್ತರ ಕೊಡುತ್ತಿದ್ದಳು. ಒಳಗೆ ಹೋಗಿ ಅವನಿಗೆ ಬಾಳೆಲೆ ಹಾಕಿ, ಬಟ್ಟಲಲ್ಲಿ ಗಂಜಿ ಬಡಿಸಿ, ಅದು ತಣಿಯುವವರೆಗೆ ಕಾಯುತ್ತಿದ್ದಳು. ಅವನು ಬಾರದೆ ತಾನು ಹೇಗೆ ಉಣ್ಣಲಿ ಎಂದು ಎದ್ದುಬಿಡುತ್ತಿದ್ದಳು. ಮನೆಯಲ್ಲಿ ಅಕ್ಕಿಯಿತ್ತು, ಆದರೂ ತಾಯಿ ಉಪವಾಸದಿಂದ ಸವೆಯುತ್ತಿದ್ದಳು. ಹೀಗೇ ಬಿಟ್ಟರೆ ಇನ್ನೊಂದು ಮಳೆಗಾಲವನ್ನು ಇವಳು ಕಾಣುವುದಿಲ್ಲ ಎಂದು ಜಕ್ಕಿಗೆ ಅರ್ಥವಾಯಿತು.

ಒಂದು ದಿನ ಜಕ್ಕಿ ಆ ತಣಿದ ಗಂಜಿಯ ಮುಂದೆ ಕೂತು ಹೇಳಿದಳು. “ಅಬ್ಬೆ, ನಾನು ಹೋಗಿ ಅಣ್ಣನನ್ನು ಕರ್ಕೊಂಡು ಬರ್ತೇನೆ.”

ದೇಯಕ್ಕ ತಲೆಯೆತ್ತಲಿಲ್ಲ. “ಎಲ್ಲಿಂದ ಕರ್ಕೊಂಡು ಬರ್ತೀಯ? ಅವ ಮುಟ್ಟಿದ್ದಾನಲ್ಲ. ದಿನಾ ಹೇಳ್ತಾನಲ್ಲ.”

“ಎಲ್ಲಿ ಮುಟ್ಟಿದ್ದಾನೆ ಅಂತ ನೋಡಿ ಬರ್ತೇನೆ,” ಎಂದಳು ಜಕ್ಕಿ.

ಅವಳು ಅರಮನೆಗೆ ಹೋಗಿ ಸರಪಳಿ ತೆಗೆಸಿ ಎಂದು ಕೇಳಿದಳು. ದೊರೆ ನಿಟ್ಟುಸಿರು ಬಿಟ್ಟ. “ಹಾಯಿ ಹೊಲಿಯುವುದು ಬೇರೆ ಮಗಳೇ, ಹಾಯಿ ಕಟ್ಟಿಕೊಂಡು ಹೋಗುವುದು ಬೇರೆ.”

“ಹೌದು ಒಡೆಯರೇ. ಆದ್ರೆ ಹನ್ನೆರಡು ಹಾಯಿಗಳನ್ನೂ ಹೊಲಿದದ್ದು ನಾನು, ನಮ್ಮ ಅಬ್ಬೆ. ಒಂದಾದ್ರೂ ಹರಿದು ವಾಪಸು ಬಂದಿದ್ರೆ ನಾನು ಸುಮ್ಮನಿರ್ತಿದ್ದೆ. ಎಂತ ಆಯ್ತು ಅಂತ ಗೊತ್ತಾಗ್ಬೇಕು ನನಗೆ.”

ದೊರೆ ಒಳ್ಳೆಯವನೇ, ಆದರೆ ನಿರ್ಧಾರ ಮಾಡುವ ಕೆಲಸ ಎದುರಾದರೆ ಅವನಿಗೆ ತಲೆನೋವು ಬರುತ್ತಿತ್ತು. ಆ ದಿನವೂ ಬಂತು. ಹಾಳಾಗಲಿ ಎಂದು ಅಪ್ಪಣೆ ಕೊಟ್ಟುಬಿಟ್ಟ. ಆದರೆ ಊರಿನಲ್ಲಿ ಅವಳ ಜತೆ ದೋಣಿ ಹತ್ತಲು ಒಬ್ಬ ಗಂಡಸೂ ಮುಂದೆ ಬರಲಿಲ್ಲ. ಕೊನೆಗೆ ಬಂದವನು ಎಂಕಜ್ಜ. ಎಪ್ಪತ್ತೈದು ವರ್ಷದ ಹಳೆಯ ತಂಡೇಲ, ಹೆಂಡತಿ ಸತ್ತು ಹತ್ತು ವರ್ಷ, ಮನೆಯಲ್ಲಿ ಮಾತಾಡಲು ಬೆಕ್ಕು ಬಿಟ್ಟರೆ ಬೇರೆ ಯಾರೂ ಇಲ್ಲ.

“ನನ್ನ ಅಪ್ಪ ಹೇಳ್ತಿದ್ದ,” ಎಂದ ಎಂಕಜ್ಜ, ದೋಣಿಗೆ ನೀರಿನ ಕೊಡ ಏರಿಸುತ್ತ. “ಏಳು ದಿನದ ದಾರಿಯಾಚೆ ಉಸಿರಿಲ್ಲದ ಕಡಲು ಅಂತ ಉಂಟಂತೆ. ಅಲ್ಲಿ ತಣ್ಣಜ್ಜ ಅನ್ನುವ ಮಾಯಗಾರ ಕೂತಿದ್ದಾನಂತೆ. ಅವ ಯಾರದ್ದೂ ಏನೂ ಕಿತ್ಕೊಳ್ಳುದಿಲ್ಲ. ಅವರವರ ಕೈಯಿಂದಲೇ ತೆಗೆಸಿಕೊಳ್ತಾನೆ.”

“ಎಂತದ್ದು ತೆಗೆಸಿಕೊಳ್ತಾನೆ ಅಜ್ಜ?”

“ಅದು ಅಪ್ಪನಿಗೂ ಗೊತ್ತಿರ್ಲಿಲ್ಲ.” ಅಜ್ಜ ಚುಕ್ಕಾಣಿಯನ್ನು ತಟ್ಟಿ ನೋಡಿದ. “ಒಂದು ಮಾತು ನೆನಪಿಟ್ಕೊ. ಹಾಯಿ ಮೇಲಿರುವ ತನಕ ಗಾಳಿ ನಮ್ಮ ಜತೆ ಬರ್ತದೆ. ಇಳಿಸಿದ್ರೆ ಅದಕ್ಕೆ ಬೇರೆ ಕೆಲಸ ಉಂಟು.”

ಸರಪಳಿ ಇಳಿಸಿದರು. ದೋಣಿ ಹೊರಟಿತು. ಆರು ದಿನ ಗಾಳಿ ಒಳ್ಳೆಯದಿತ್ತು. ಏಳನೆಯ ದಿನ ಮಂಜು ಬಂತು. ಎಂಥ ಮಂಜು ಎಂದರೆ ಚುಕ್ಕಾಣಿ ಹಿಡಿದ ಕೈ ಕಾಣುತ್ತಿತ್ತು, ಆ ಕೈ ಯಾರದು ಎಂದು ತಿಳಿಯುತ್ತಿರಲಿಲ್ಲ. ಸೂರ್ಯ ಯಾವ ಕಡೆಯಿದ್ದಾನೆ, ದೋಣಿಯ ಮೂತಿ ಯಾವ ಕಡೆಗಿದೆ, ಒಂದೂ ಗೊತ್ತಾಗಲಿಲ್ಲ. ಹಾಯಿ ಮಾತ್ರ ತುಂಬಿಕೊಂಡೇ ಇತ್ತು. ನಡುಮಧ್ಯಾಹ್ನದ ಹೊತ್ತಿಗೆ ಮಂಜು ಪರದೆಯ ಹಾಗೆ ಸರಿಯಿತು.

ಎದುರಿಗೆ ಬಿಳಿಬಂಡೆ ನಿಂತಿತ್ತು.

“ಅಯ್ಯೋ ಮಗಳೇ, ಮಂಜಿನಲ್ಲಿ ತಿರುಗಿ ಊರಿಗೇ ಬಂದುಬಿಟ್ಟೆವು,” ಎಂದ ಎಂಕಜ್ಜ. ಹೌದು, ಊರೇ. ಅದೇ ಅಳಿವೆ, ಅದೇ ಅರಮನೆಯ ಕಟ್ಟೆ. ಕಟ್ಟೆಯ ಮೇಲೆ ಕೇತರಸ ದೊರೆ, ಅವನ ಬದಿಗೆ ಎರಡು ಆನೆ, ಹಿಂದೆ ಊರಿಗೆ ಊರೇ. ಕೊಂಬು ಕಹಳೆ ಮೊಳಗುತ್ತಿದ್ದವು. ದೊರೆಯ ಕೈಯಲ್ಲಿ ತಂಡೇಲರು ಸುತ್ತುವ ಕೆಂಪು ಮುಂಡಾಸು ಇತ್ತು. “ಜಕ್ಕಿ ತಂಡೇಲ ಬಂದಳು, ಯಾರೂ ಮಾಡದ್ದನ್ನು ಮಾಡಿ ಬಂದಳು,” ಎಂದು ಜನ ಕೂಗುತ್ತಿದ್ದರು.

ಜಕ್ಕಿಯ ಎದೆ ಉಬ್ಬಿತು. ಸುಳ್ಳು ಯಾಕೆ ಹೇಳಬೇಕು, ಅವಳಿಗೆ ಬಹಳ ಸಂತೋಷವಾಯಿತು. ಹುಟ್ಟಿದಂದಿನಿಂದ ಅವಳು ಹೊಲಿದ ಹಾಯಿಗಳು ಲೋಕ ನೋಡಿದ್ದವು, ಅವಳನ್ನು ಲೋಕ ನೋಡಿರಲಿಲ್ಲ. ತಾನು ಇನ್ನೂ ಏನನ್ನೂ ಮಾಡಿಲ್ಲವಲ್ಲ, ಅಣ್ಣ ಎಲ್ಲಿ ಎಂಬುದು ಒಂದು ಗಳಿಗೆ ಮರೆತೇಹೋಯಿತು.

ಎಂಕಜ್ಜ ಪದ್ಧತಿ ಬಿಡುವ ಮನುಷ್ಯನಲ್ಲ. ಅವನ ಕೈ ಆಗಲೇ ಹಾಯಿಯ ಹಗ್ಗದ ಗಂಟಿನ ಮೇಲಿತ್ತು. ಅಷ್ಟರಲ್ಲಿ ಜಕ್ಕಿ ಕುರುಡಾನೆಯನ್ನು ಕಂಡಳು. ಅದು ಕಣ್ಣು ಮಿಟುಕಿಸದೆ ಅವಳನ್ನೇ ನೋಡುತ್ತಿತ್ತು.

ಅವಳು ಅರಮನೆಯ ಮೇಲಿನ ಬಾವುಟವನ್ನು ನೋಡಿದಳು. ಅದು ಒದ್ದೆ ಬಟ್ಟೆಯಂತೆ ಜೋತುಬಿದ್ದಿತ್ತು. ತೆಂಗಿನ ಗರಿಗಳು ಅಲ್ಲಾಡುತ್ತಿರಲಿಲ್ಲ. ತನ್ನ ಹಾಯಿ ನೋಡಿದಳು. ಗಾಳಿ ಅದರಲ್ಲಿ ಬಿಗಿಯಾಗಿ ತುಂಬಿತ್ತು.

“ಅಜ್ಜ, ಕೈ ತೆಗೀರಿ.”

“ಪದ್ಧತಿ ಮಗಳೇ. ಬಂಡೆ ಕಂಡ ಮೇಲೆ...”

“ನಮ್ಮ ಹಾಯಿಗೆ ಇರುವ ಗಾಳಿ ಆ ಬಾವುಟಕ್ಕೆ ಯಾಕಿಲ್ಲ ಅಂತ ಹೇಳಿ, ಆಮೇಲೆ ಇಳಿಸುವ.”

ಅಜ್ಜ ನೋಡಿದ. ಹಗ್ಗದಿಂದ ಕೈ ತೆಗೆದ. ತುಂಬಿದ ಹಾಯಿಯ ದೋಣಿ ನೇರ ಕಟ್ಟೆಗೆ ನುಗ್ಗಿತು, ಆದರೆ ಬಡಿಯಲಿಲ್ಲ. ಕಟ್ಟೆಯ ಕಲ್ಲುಗಳು ಹಸಿ ಹೊಗೆಯ ಹಾಗೆ ದೋಣಿಯ ಮೂಲಕ ಹಾದುಹೋದವು. ದೊರೆಯ ಮುಖ ಜಕ್ಕಿಯ ಮುಖದೊಳಗಿಂದಲೇ ದಾಟಿತು. ಕೆಸುವಿನೆಲೆಯ ಮೇಲಿನ ನೀರಿನಷ್ಟು ತಣ್ಣಗಿತ್ತು ಅದು. ದಾಟುವಾಗಲೂ ನಗುತ್ತಲೇ ಇತ್ತು. ಎಲ್ಲ ಹಿಂದೆ ಬಿದ್ದ ಮೇಲೆ ಬರೀ ಕಡಲು ಉಳಿಯಿತು.

“ಹನ್ನೆರಡು ಹಡಗೂ ಹೀಗೇ ಹಾಯಿ ಇಳಿಸಿದವು,” ಎಂದಳು ಜಕ್ಕಿ. “ಅವನು ತೆಗೆಸಿಕೊಳ್ಳುವುದು ಎಂತದ್ದು ಅಂತ ಈಗ ಗೊತ್ತಾಯ್ತು ಅಜ್ಜ. ನಾವು ದಡ ಕಂಡ ಕೂಡ್ಲೇ ಹಾಯಿ ಇಳಿಸ್ತೇವೆ ಅಂತ ಅವನಿಗೆ ಗೊತ್ತುಂಟು.” ಎಂಕಜ್ಜ ಅರುವತ್ತು ವರ್ಷ ಹೆಮ್ಮೆಯಿಂದ ನಡೆಸಿದ ಪದ್ಧತಿ ಅದು. ಅಜ್ಜ ಆ ದಿನ ಊಟ ಮಾಡಲಿಲ್ಲ.

ಎಂಟನೆಯ ದಿನ ಮತ್ತೆ ಮಂಜು. ಮಧ್ಯಾಹ್ನ ಮತ್ತೆ ಸರಿಯಿತು. ಮತ್ತೆ ಬಿಳಿಬಂಡೆ.

ಈ ಸಲ ದೊರೆಯಿಲ್ಲ, ಕಹಳೆಯಿಲ್ಲ. ದಂಡೆಯ ಮೇಲೆ ತಮ್ಮ ಮನೆ ಮಾತ್ರ. ತೆಂಗಿನ ಗರಿಗಳು ತೂಗುತ್ತಿದ್ದವು. ಅಂಗಳದ ಹಗ್ಗದ ಮೇಲೆ ಒಣಹಾಕಿದ ಸೀರೆ ಪಟಪಟ ಹಾರುತ್ತಿತ್ತು. ಮಾಯಗಾರ ನಿನ್ನೆ ಮಾಡಿದ ತಪ್ಪನ್ನು ಇಂದು ತಿದ್ದಿಕೊಂಡಿದ್ದ. ಒಲೆಯ ಹೊಗೆಯ ಜತೆ ಹುರಿದ ಮೀನಿನ ವಾಸನೆಯೂ ಬರುತ್ತಿತ್ತು. ದೇಯಕ್ಕ ಮೊಣಕಾಲುದ್ದದ ನೀರಿಗಿಳಿದು ಕೈ ಚಾಚಿ ನಿಂತಿದ್ದಳು. ಬಡಕಲಾಗಿರಲಿಲ್ಲ. ಅಣ್ಣ ಹೊರಡುವ ಮೊದಲು ಇದ್ದಂತೆ ಮೈಕೈ ತುಂಬಿಕೊಂಡಿದ್ದಳು.

“ಸಾಕು ಮಗಾ, ದಣಿದಿದ್ದೀ. ಅಣ್ಣ ಆಗಲೇ ಬಂದು ಉಂಡು ಮಲಗಿದ್ದಾನೆ. ಹಾಯಿ ಇಳಿಸು, ಹೀಗೇ ಬಂದರೆ ನನ್ನ ಮೈಮೇಲೆ ಬರ್ತದೆ ದೋಣಿ.”

ದೋಣಿ ನಿಜವಾಗಿಯೂ ತಾಯಿಯ ಮೇಲೇ ಹೋಗುತ್ತಿತ್ತು. ಸುಳ್ಳಾದರೆ ಹೊಗೆ. ನಿಜವಾದರೆ ತಾಯಿ ದೋಣಿಯ ಅಡಿಗೆ. ಜಕ್ಕಿಯ ಕೈಯೇ ಹಗ್ಗಕ್ಕೆ ಹೋಯಿತು, ಮೊದಲ ಸುತ್ತು ಬಿಚ್ಚಿತು. ಎರಡನೆಯ ಸುತ್ತಿಗೆ ಕೈ ಹಾಕುವಾಗ ಅವಳಿಗೆ ನೀರಿನ ಬಣ್ಣ ಕಾಣಿಸಿತು. ಮೊಣಕಾಲುದ್ದದ ನೀರು ಹೀಗೆ ಕಪ್ಪಾಗಿರುತ್ತದೆಯೇ? ದೋಣಿಯಲ್ಲಿ ಆಳ ನೋಡುವ ಹಗ್ಗವಿತ್ತು, ತುದಿಗೆ ಸೀಸದ ಗುಂಡು. ಅದನ್ನು ತೆಗೆದು ತಾಯಿಯ ಕಾಲಬುಡಕ್ಕೆ ಬೀಸಿ ಎಸೆದಳು. ಹಗ್ಗ ಇಳಿಯಿತು. ಐದು ಮಾರು, ಹತ್ತು ಮಾರು, ಇಪ್ಪತ್ತು ಮಾರು. ಹಗ್ಗ ಮುಗಿಯಿತು. ಗುಂಡು ನೆಲ ಮುಟ್ಟಲಿಲ್ಲ. ದೇಯಕ್ಕ ಆ ತಳವಿಲ್ಲದ ನೀರಿನಲ್ಲಿ ಮೊಣಕಾಲವರೆಗೆ ಮಾತ್ರ ಮುಳುಗಿ, ಬಾ ಬಾ ಎಂದು ಕರೆಯುತ್ತಲೇ ಇದ್ದಳು.

“ಅಜ್ಜ, ಇದೂ ಸುಳ್ಳು,” ಎಂದು ಜಕ್ಕಿ ಹಿಂದೆ ತಿರುಗಿದಳು.

ಎಂಕಜ್ಜ ದೋಣಿಯಲ್ಲಿರಲಿಲ್ಲ. ಅವನು ನೀರಿನ ಮೇಲೆ ನಡೆದುಹೋಗುತ್ತಿದ್ದ. ಬದಿಯ ಮನೆಯ ಬಾಗಿಲಲ್ಲಿ, ಹತ್ತು ವರ್ಷದ ಹಿಂದೆ ಸತ್ತ ಅವನ ಹೆಂಡತಿ ಪುಟ್ಟಕ್ಕ ಚೊಂಬು ಹಿಡಿದು ನಿಂತಿದ್ದಳು. “ಅಜ್ಜ, ಅದು ಅಜ್ಜಿ ಅಲ್ಲ,” ಎಂದು ಜಕ್ಕಿ ಕೂಗಿದಳು. ಅವನು ತಿರುಗಿ ನೋಡಿ, “ಗೊತ್ತುಂಟು ಮಗಳೇ,” ಎಂದ. ಕಾಲು ತೊಳೆದುಕೊಂಡು ಒಳಗೆ ಹೋದ. ಬಾಗಿಲು ಮುಚ್ಚಿತು. ಮನೆ, ಮರ, ಹೊಗೆ ಎಲ್ಲವೂ ದೋಣಿಯ ಎರಡು ಬದಿಗೆ ಹರಿದು ಹಿಂದೆ ಸರಿದವು.

ಜಕ್ಕಿ ಬಿಚ್ಚಿದ ಸುತ್ತನ್ನು ಮತ್ತೆ ಬಿಗಿದಳು. ಬಿಗಿದು, ಚುಕ್ಕಾಣಿಯ ಬುಡದಲ್ಲಿ ಕುಸಿದು ಕೂತು ಗೋಳೋ ಎಂದು ಅತ್ತಳು. ವಾಪಸು ಹೋಗೋಣ ಎಂದರೆ ಯಾವ ಊರಿಗೆ ಹೋಗುವುದು? ಇನ್ನು ಕಂಡ ಊರನ್ನೆಲ್ಲ ಅವಳು ನಂಬುವ ಹಾಗಿರಲಿಲ್ಲ. ಮಾಯಗಾರ ಮಾಡಿದ ಎಲ್ಲ ಕೆಡುಕಿನಲ್ಲಿ ಅದೇ ದೊಡ್ಡದು.

ಒಂಬತ್ತನೆಯ ದಿನ ಮಂಜಿರಲಿಲ್ಲ. ಕಡಲು ಸತ್ತಂತೆ ಬಿದ್ದಿತ್ತು. ಅಲೆಯಿಲ್ಲ, ಸದ್ದಿಲ್ಲ. ಜಕ್ಕಿಯ ದೋಣಿಯ ಹಿಂದೆ ಮಾತ್ರ ಸಣ್ಣ ಗಾಳಿಯೊಂದು ಸಾಕಿದ ನಾಯಿಯ ಹಾಗೆ ಬೆನ್ನು ಬಿಡದೆ ಬರುತ್ತಿತ್ತು. ಬಿಸಿಲು ನೆತ್ತಿಗೇರುವ ಹೊತ್ತಿಗೆ ಹಡಗುಗಳು ಕಂಡವು. ಹನ್ನೆರಡೂ ಎರಡು ಸಾಲಿನಲ್ಲಿ ನಿಂತಿದ್ದವು. ಹಾಯಿ ಕಟ್ಟುವ ಅವುಗಳ ಕೂವೆಮರಗಳು ಬೋಳಾಗಿದ್ದವು. ಹಡಗಿನ ಮೇಲೆ ಗಂಡಸರು ಕೈಮುಗಿದು ನಿಂತಿದ್ದರು. ಅವರ ರೆಪ್ಪೆಗಳ ಮೇಲೆ ಉಪ್ಪು ಕಟ್ಟಿತ್ತು. ಕಾಲುಗಳ ಮೇಲೆ, ಕಲ್ಲಿನ ಮೇಲೆ ಬೆಳೆದಂತೆ, ಚಿಪ್ಪುಗಳು ಬೆಳೆದಿದ್ದವು. ಎಲ್ಲರ ಮುಖದಲ್ಲೂ ನಗು. ಮನೆ ತಲುಪಿದವರ ನೆಮ್ಮದಿಯ ನಗು. ಜಕ್ಕಿಗೆ ಚಿಪ್ಪುಗಳಿಗಿಂತ ಆ ನಗು ಹೆಚ್ಚು ಭಯ ಹುಟ್ಟಿಸಿತು.

“ಮುಟ್ಟಿದೆವು ತಾಯೇ,” ಎಂದರು ಅವರೆಲ್ಲ, ಒಟ್ಟಿಗೆ.

ಸಾಲಿನ ಕೊನೆಯಲ್ಲಿ ಒಂದು ಕರಿಯ ಬಂಡೆ. ಬಂಡೆಯ ಮೇಲೆ ತಣ್ಣಜ್ಜ. ಹನ್ನೆರಡು ಹಾಯಿಗಳನ್ನು ಒಂದರ ಮೇಲೊಂದು ಹೊದ್ದುಕೊಂಡು, ಬಟ್ಟೆಯ ಗುಡ್ಡದ ಹಾಗೆ ಕೂತಿದ್ದ. ಒಂದು ಸಣ್ಣ ಮುಖ ಮಾತ್ರ ಹೊರಗಿತ್ತು, ಯಾರ ಮನೆಯಲ್ಲಾದರೂ ಇರಬಹುದಾದ ಅಜ್ಜನ ಮುಖ. ಅವನ ಎದೆ ಏಳುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ.

“ಬಂದೆಯಾ ಮಗಳೇ. ಆಸರಿಗೆ ಎಂತ ಕೊಡಲಿ? ಬೆಲ್ಲ ನೀರಾ, ಮಜ್ಜಿಗೆಯಾ?”

“ನನ್ನ ಅಣ್ಣನನ್ನು ಕೊಡು,” ಎಂದಳು ಜಕ್ಕಿ.

“ನಾನೆಂತ ಹಿಡ್ಕೊಂಡಿದ್ದೇನಾ ಅವನನ್ನು? ಅಲ್ಲೇ ಎಡಗಡೆ ಕೊನೆಯ ಹಡಗಿನಲ್ಲಿದ್ದಾನೆ, ಕರ್ಕೊಂಡು ಹೋಗು. ನೀನು ಜಾಣೆ. ಎರಡು ಸಲ ನನ್ನ ಮಾಯೆಯನ್ನು ಗೆದ್ದವರು ಇಲ್ಲಿಗೆ ಯಾರೂ ಬಂದಿಲ್ಲ. ಇನ್ನು ಮಾಯೆ ಇಲ್ಲ. ಈಗ ಕಾಣುವುದೆಲ್ಲ ನಿಜ.” ಅವನು ಹೇಳಿದ್ದು ಸತ್ಯವೇ. ಅವನ ಅತಿ ಕೆಟ್ಟ ಗುಣ ಅದು, ಬೇಕಾದಾಗ ಸತ್ಯವನ್ನೂ ಹೇಳುತ್ತಿದ್ದ. “ಹೊರಟದ್ದು ಯಾಕೆ ನೀನು? ಅಣ್ಣನಿಗಾಗಿ ತಾನೇ? ಇಗೋ ಅಣ್ಣ. ನಿನ್ನ ಕೆಲಸ ಮುಗೀತು. ಹಾಯಿ ಇಳಿಸಿ ದೋಣಿ ನಿಲ್ಲಿಸು, ಅವನನ್ನು ಹತ್ತಿಸಿಕೊ. ತುಂಬಿದ ಹಾಯಿಯ ದೋಣಿ ನಿಲ್ಲುತ್ತದಾ ಎಲ್ಲಿಯಾದ್ರೂ?”

ದೋಣಿ ಆಗಲೇ ಸಾಲಿನ ನಡುವೆ ಸಾಗುತ್ತಿತ್ತು. ಎಡಗಡೆ ಕೊನೆಯ ಹಡಗು ಬಂತು. ಅಂಚಿನಲ್ಲಿ ಸಂಕಣ್ಣ ನಿಂತಿದ್ದ. ನಿಜವಾದ ಸಂಕಣ್ಣ. ಚಿಕ್ಕಂದಿನಲ್ಲಿ ದೋಣಿಯ ಕೊಕ್ಕೆ ತಾಗಿದ ಗಾಯದ ಗುರುತು ಗಲ್ಲದ ಮೇಲಿತ್ತು. ಅವನ ಕಣ್ಣು ಅವಳ ಮೇಲೆ ಬಿತ್ತು.

“ಜಕ್ಕಿ, ಎಲ್ಲಿ ಹೋಗಿದ್ದಿ ಇಷ್ಟು ಹೊತ್ತು? ಕೈಕಾಲು ತೊಳ್ಕೊ. ಅಬ್ಬೆ ಗಂಜಿ ಬಡಿಸಿದ್ದಾಳೆ.” ಖಾಲಿ ಹಲಗೆಯ ಮೇಲೆ, ಇಲ್ಲದ ಬಟ್ಟಲಿನ ಕಡೆಗೆ ಅವನು ಕೈ ತೋರಿಸಿದ.

ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಹಗ್ಗ ಒಂದು ಸಲ ಬಿಟ್ಟರೆ ಸಾಕು, ದೋಣಿ ನಿಲ್ಲುತ್ತದೆ. ನಿಂತರೆ ಹಿಂದೆ ಬಂದ ಆ ಸಣ್ಣ ಗಾಳಿ ತನ್ನ ದಾರಿ ಹಿಡಿಯುತ್ತದೆ. ಆಮೇಲೆ ಅಣ್ಣನ ಪಕ್ಕದಲ್ಲಿ ತಾನೂ ಕೈಮುಗಿದು ನಿಲ್ಲುವುದೇ. ಊರಿನಲ್ಲಿ ಅಬ್ಬೆ ಇನ್ನೊಂದು ಬಾಳೆಲೆ ಹಾಕುತ್ತಾಳೆ. ಜಕ್ಕಿಗೆ ಇದೆಲ್ಲ ಅರ್ಥವಾಗಿತ್ತು. ಅರ್ಥವಾದರೂ ಅಣ್ಣನನ್ನು ಬಿಟ್ಟು ಮುಂದೆ ಹೋಗುವುದಕ್ಕೆ ಕರುಳು ಒಪ್ಪಲಿಲ್ಲ. ಅವಳು ಹಗ್ಗವನ್ನು ತನ್ನ ಎರಡೂ ಮುಂಗೈಗೆ ಬಿಗಿಯಾಗಿ ಸುತ್ತಿಕೊಂಡಳು, ಬಿಡಬೇಕೆಂದರೂ ಬಿಡಲಾಗದ ಹಾಗೆ. ಸೊಂಟದಿಂದ ಚುಕ್ಕಾಣಿಯನ್ನು ಒತ್ತಿ ಹಿಡಿದಳು.

“ಸ್ವಲ್ಪ ಹೊತ್ತು ಅಣ್ಣ,” ಎಂದಳು. ದೋಣಿ ಅವನನ್ನು ದಾಟಿತು.

ತಣ್ಣಜ್ಜ ಮೊದಲ ಸಲ ಅಲುಗಾಡಿದ. “ಎಲ್ಲಿಗೆ ಬರ್ತಿದ್ದೀ? ನಿನ್ನ ಅಣ್ಣ ಅಲ್ಲಿ ಉಳಿದ.”

ಜಕ್ಕಿ ದೋಣಿಯ ಮೂತಿಯನ್ನು ನೆಟ್ಟಗೆ ಅವನಿಗೇ ಹಿಡಿದಳು. ಅವಳು ಹೊಸ ಮಂತ್ರವನ್ನೇನೂ ಕಲಿತಿರಲಿಲ್ಲ. ಆದರೆ ಹುಟ್ಟಿದಾಗಿನಿಂದ ಹಾಯಿ ಹೊಲಿದವಳಿಗೆ ಒಂದು ವಿಷಯ ಗೊತ್ತಿರುತ್ತದೆ. ಕದ್ದ ಹಾಯಿಯಾದರೇನು, ಹೊದ್ದ ಹಾಯಿಯಾದರೇನು, ಹಾಯಿ ಎಂದ ಮೇಲೆ ಗಾಳಿ ಸಿಕ್ಕರೆ ಉಬ್ಬಲೇಬೇಕು. ಅದಕ್ಕೇ ಅಲ್ಲವೇ ಈ ಮುದುಕ ಉಸಿರಿಲ್ಲದ ಕಡಲನ್ನು ಹುಡುಕಿಕೊಂಡು ಕೂತದ್ದು.

ಒಂಬತ್ತು ದಿನ ಹಾಯಿ ಇಳಿಸದೆ ಕರೆತಂದ ಗಾಳಿ ಜಕ್ಕಿಯ ಬೆನ್ನ ಹಿಂದಿನಿಂದ ಬಂಡೆಯ ಮೇಲೆ ಬಿತ್ತು. ತಣ್ಣಜ್ಜ ಎರಡೂ ಕೈಗಳಿಂದ ಹೊದಿಕೆಗಳನ್ನು ಅಪ್ಪಿ ಹಿಡಿದ. ಹೊರಗಿನ ಹಾಯಿ ಉಬ್ಬಿತು, ಅವನ ಕೈಯಿಂದ ಕಿತ್ತುಕೊಂಡು ಹಾರಿತು, ತನ್ನ ಹಡಗಿನ ಕೂವೆಮರಕ್ಕೆ ಹೋಗಿ ಕಟ್ಟಿಕೊಂಡಿತು. ಆಮೇಲೆ ಎರಡನೆಯದು. ಆಮೇಲೆ ಮೂರನೆಯದು. ಒಂದೊಂದು ಹಾಯಿ ಹೋದಂತೆಲ್ಲ ಮುದುಕ ಚಿಕ್ಕವನಾದ. “ಮಗಳೇ, ಚಳಿಯಾಗ್ತದೆ,” ಎಂದ ಅವನು. ಆ ದನಿ ನಿಜಕ್ಕೂ ಒಬ್ಬ ಮುದುಕನ ದನಿಯಂತೆಯೇ ಇತ್ತು, ಜಕ್ಕಿಗೆ ಅಳು ಬಂತು. ಹನ್ನೆರಡನೆಯ ಹಾಯಿ, ಅವಳೇ ಹೊಲಿದ ಸಂಕಣ್ಣನ ಹಾಯಿ, ಹಾರಿದಾಗ ಒಳಗೆ ಯಾರೂ ಇರಲಿಲ್ಲ. ಬಂಡೆಯ ಮೇಲೆ ಒಂದು ಹಿಡಿ ಒದ್ದೆ ಉಪ್ಪು ಇತ್ತು. ದೋಣಿ ಬಂಡೆಯನ್ನು ಉಜ್ಜಿಕೊಂಡು ಹೋಗುವಾಗ ಚಿಮ್ಮಿದ ನೀರು ಅದನ್ನೂ ತೊಳೆದುಬಿಟ್ಟಿತು.

ಕಡಲು ಒಂದು ದೊಡ್ಡ ಉಸಿರು ಬಿಟ್ಟಿತು. ಅಲೆ ಎದ್ದಿತು. ಹನ್ನೆರಡು ಹಡಗುಗಳ ಗಂಡಸರು ಮುಗಿದ ಕೈ ಬಿಡಿಸಿ, ಕಾಲಿನ ಚಿಪ್ಪುಗಳನ್ನು ಕೆರೆದುಕೊಳ್ಳುತ್ತ ಸುತ್ತ ನೋಡತೊಡಗಿದರು. ಒಬ್ಬರ ಮುಖದಲ್ಲೂ ಈಗ ನಗುವಿರಲಿಲ್ಲ. ಎಂಕಜ್ಜ ಮೂರನೆಯ ಹಡಗಿನ ಮೂಲೆಯಲ್ಲಿ ನೆನೆದು ತೊಪ್ಪೆಯಾಗಿ ಕೂತಿದ್ದ. “ನನ್ನ ಪುಟ್ಟಕ್ಕ ಮಜ್ಜಿಗೆಗೆ ಉಪ್ಪು ಹಾಕುದನ್ನು ಎಂದೂ ಮರೀತಿರ್ಲಿಲ್ಲ, ಇವಳು ಮರೆತಳು,” ಎಂದು ಗೊಣಗಿದ. ಆಮೇಲೆ ಆ ಮಾತನ್ನು ಮತ್ತೆ ಎತ್ತಲಿಲ್ಲ.

ಹದಿಮೂರು ಹಾಯಿಗಳು ಒಟ್ಟಿಗೆ ಮರಳಿದವು. ಒಂಬತ್ತನೆಯ ದಿನ ಬಿಳಿಬಂಡೆ ಕಂಡಿತು. ಹನ್ನೆರಡು ತಂಡೇಲರ ಕೈಗಳು ಅಭ್ಯಾಸಬಲದಿಂದ ಹಗ್ಗಕ್ಕೆ ಹೋದವು. “ಯಾರೂ ಇಳಿಸ್ಬೇಡಿ,” ಎಂದು ಜಕ್ಕಿ ಮುಂದಿನ ದೋಣಿಯಿಂದ ಕೂಗಿದಳು. “ಹಡಗಿನ ಅಡಿಗೆ ಮರಳು ತಾಗುವ ತನಕ ಇಳಿಸ್ಬೇಡಿ.” ಹಾಯಿ ತುಂಬಿಕೊಂಡೇ ಹಡಗುಗಳು ಅಳಿವೆಯೊಳಗೆ ನುಗ್ಗಿದವು. ಅರಮನೆಯ ಕಟ್ಟೆಯ ಮೂಲೆ ಮುರಿಯಿತು, ಎರಡು ದೋಣಿಮನೆಗಳು ನೆಲಸಮವಾದವು. ಹಡಗುಗಳ ಅಡಿ ಮರಳಿಗೆ ಕರ್‍ರೆಂದು ಕೊರೆದು ನಿಂತಿತು.

ಊರೆಲ್ಲ ದಂಡೆಗೆ ಬಂತು. ಆದರೆ ಹಡಗಿನಿಂದ ಯಾರೂ ಇಳಿಯಲಿಲ್ಲ.

ಜಕ್ಕಿ ಅಣ್ಣನ ಹಡಗಿನ ಬಳಿ ಹೋಗಿ ಕರೆದಳು. ಸಂಕಣ್ಣ ಅಂಚನ್ನು ಹಿಡಿದು ನಿಂತೇ ಇದ್ದ. “ದಿನಾ ಇಳಿದಿದ್ದೇನೆ ಜಕ್ಕಿ. ದಿನಾ ಇದೇ ದಂಡೆ, ಇದೇ ಜನ. ದಿನಾ ಅಬ್ಬೆ ಬಂದು ತಲೆ ಸವರಿ ಕರ್ಕೊಂಡು ಹೋಗ್ತಾಳೆ. ಇನ್ನೊಂದು ಸಲ ಇಳಿದು, ಇದೂ ಅಲ್ಲ ಅಂತ ಆದ್ರೆ ನನ್ನಿಂದ ಆಗುದಿಲ್ಲ.” ಹನ್ನೆರಡು ಹಡಗಿನವರೂ ಹಾಗೆಯೇ ನಿಂತಿದ್ದರು. ಮನೆಯ ಮುಂದೆ ನಿಂತು ಮನೆಗೆ ಹೆದರುತ್ತಿದ್ದರು. ಜಕ್ಕಿ ಏನು ಹೇಳಿದರೂ ಪ್ರಯೋಜನವಿರಲಿಲ್ಲ. ಇದು ನಿಜ ಎಂದು ಅಲ್ಲಿಯೂ ಎಲ್ಲರೂ ಹೇಳಿದ್ದರಲ್ಲ.

ಜನರನ್ನು ಸರಿಸಿಕೊಂಡು ದೇಯಕ್ಕ ಬಂದಳು. ಎಲುಬಿಗೆ ಸೀರೆ ಸುತ್ತಿದಂತಿದ್ದಳು. ನಡೆಯಲು ತ್ರಾಣವಿರಲಿಲ್ಲ, ಕೋಲು ಊರಿಕೊಂಡಿದ್ದಳು. ನೀರಿಗಿಳಿದು, ಹಡಗಿನ ಬುಡದಲ್ಲಿ ನಿಂತು, ತಲೆಯೆತ್ತಿ ಮಗನನ್ನು ನೋಡಿದಳು.

“ಹೋಗುವಾಗ ಒಂದು ತಿಂಗಳಲ್ಲಿ ಬರ್ತೇನೆ ಅಂದಿದ್ದಿ,” ಎಂದಳು. “ಎಲ್ಲಿ ಸತ್ತಿದ್ದಿ ಇಲ್ಲಿವರೆಗೆ? ಗಡ್ಡ ನೋಡು, ಕರಡಿಯ ಹಾಗೆ. ಮೈ ನಾರ್ತದೆ, ಇಲ್ಲಿವರೆಗೆ ಬರ್ತದೆ ವಾಸನೆ. ಇನ್ನು ಅಲ್ಲಿ ನಿಂತ್ಕೊಂಡು ಎಂತ ನೋಡ್ತೀ, ಇಳೀತೀಯಾ, ಅಲ್ಲ ನಾನೇ ಹತ್ತಿ ಬರ್ಬೇಕಾ?” ಅವಳು ಕೋಲೆತ್ತಿ ಹಡಗಿನ ಪಕ್ಕೆಗೆ ಪಟಾರನೆ ಬಾರಿಸಿದಳು.

ಸಂಕಣ್ಣ ಬಾಯಿ ತೆರೆದು ನೋಡಿದ. ಇಷ್ಟು ದಿನಗಳಲ್ಲಿ ತಣ್ಣಜ್ಜನ ಯಾವ ತಾಯಿಯೂ ಅವನಿಗೆ ಹೀಗೆ ಬೈದಿರಲಿಲ್ಲ. ಅವನು ಅಂಚಿನಿಂದ ಹಾರಿ ನೀರಿಗೆ ಬಿದ್ದ. ಬಿದ್ದ ಕಡೆ ಹರಿತವಾದ ಚಿಪ್ಪೊಂದು ಅಂಗಾಲನ್ನು ಕೊಯ್ದಿತು. ನೀರು ಕೆಂಪಾಯಿತು. ಅವನು ಕಾಲೆತ್ತಿ ಆ ರಕ್ತವನ್ನು ನೋಡಿದ, ಅಬ್ಬೆಯನ್ನು ನೋಡಿದ, ಚಿಕ್ಕ ಮಗುವಿನಂತೆ ಅಳತೊಡಗಿದ. ದೇಯಕ್ಕ ಅವನನ್ನು ಅಪ್ಪಿ ಹಿಡಿದು, ಬೈಯುತ್ತಲೇ ಇದ್ದಳು.

ಉಳಿದ ತಾಯಂದಿರಿಗೆ, ಹೆಂಡಂದಿರಿಗೆ ಗುಟ್ಟು ತಿಳಿಯಿತು. ದಂಡೆಯುದ್ದಕ್ಕೂ ಬೈಗುಳ ಶುರುವಾಯಿತು. ಎಂತೆಂಥ ಬೈಗುಳ ಎಂದು ಇಲ್ಲಿ ಹೇಳುವ ಹಾಗಿಲ್ಲ. ಬೈದಂತೆಲ್ಲ ಒಬ್ಬೊಬ್ಬರೇ ಇಳಿದರು. ಸಂಜೆಯೊಳಗೆ ಹನ್ನೆರಡು ಹಡಗುಗಳೂ ಖಾಲಿಯಾದವು. ಆ ದಿನ ದೇಯಕ್ಕ ಮೂರು ಎಲೆ ಹಾಕಿದಳು, ಮೂರರಲ್ಲೂ ಉಂಡರು.

ದೊರೆ ಆ ಸರಪಳಿಯನ್ನು ಕರಗಿಸಿ ಲಂಗರು ಮಾಡಿಸಿದ. ಜಕ್ಕಿಯನ್ನು ಹದಿಮೂರನೆಯ ತಂಡೇಲ ಎಂದು ಸಾರಿದ. ಅವಳು ಮುಂದೆ ಎಷ್ಟೋ ದಡಗಳಿಗೆ ಹೋದಳು, ಮುಟ್ಟಿದಳು, ಮರಳಿದಳು. ಮುತ್ತಳಿವೆಯವರು ಮಕ್ಕಳು ಮೊಮ್ಮಕ್ಕಳೊಂದಿಗೆ ಹೊಟ್ಟೆ ತುಂಬ ಉಂಡು, ಕಣ್ಣು ತುಂಬ ನಿದ್ದೆ ಮಾಡಿ, ಮನಸ್ಸಿಗೆ ಬಂದಾಗ ಜಗಳವಾಡಿಕೊಂಡು ಸುಖವಾಗಿ ಬಾಳಿದರು. ಕತೆ ಹೇಳಿ ನನ್ನ ಗಂಟಲು ಒಣಗಿತು. ಕೇಳಿ ನಿಮಗೂ ಹಸಿವಾಗಿರಬೇಕು. ಏಳಿ, ಒಳಗೆ ಯಾರೋ ಬೈಯುವುದು ಕೇಳಿಸುತ್ತಿದೆ.